ಸರಕಾರದ ಗಾತ್ರವೂ ನಾಡಿನ ಸಿರಿಯೂ

(ಉಪಾಧ್ಯಾಯರೂ ನಾಗರಿಕರೂ ಕೂಡಿದ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ವಿಷಯವು ಅಂಕಿಸಂಖ್ಯೆಗಳಿಂದ ತುಂಬಿದ್ದಾಗಿದ್ದು, ಸಂಜೆಯ ಸಭೆಗೆ ಅಷ್ಟೊಂದು ರುಚಿಕರವಾದದ್ದಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಆಯವ್ಯಯ ಪತ್ರಿಕೆ ಹೊರಬೀಳುವ ಪ್ರತಿವರ್ಷವೂ ನಾಡಿನಲ್ಲಿ ಎರಡು ಕೂಗುಗಳು ಏಳುತ್ತವೆ. ಸರಕಾರವು ಬೆಳೆದು ಬೆಳೆದು ದುಡಿಯುವವನ ರಕ್ತ ಹೀರುತ್ತಿದೆ, ಅದನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಉದ್ಯಮಗಳು ತಾವಾಗಿಯೇ ಅರಳುವವು ಎಂಬುದು ಒಂದು ಕೂಗು. ಸರಕಾರವು ಇನ್ನೂ ಹೆಚ್ಚು ಖರ್ಚು ಮಾಡಿದ ಹೊರತು ಬಡವನ ಮನೆಯಲ್ಲಿ ದೀಪ ಹತ್ತಲಾರದು ಎಂಬುದು ಇನ್ನೊಂದು. ಈ ಎರಡರ ನಡುವೆ ಸಿಕ್ಕಿಕೊಳ್ಳುವವರು ಉಪಾಧ್ಯಾಯರು. ಸರಕಾರವನ್ನು ಕತ್ತರಿಸಬೇಕೆಂದು ಹೊರಟವರ ಕಣ್ಣಿಗೆ ಮೊದಲು ಬೀಳುವದು ಹತ್ತು ಮಕ್ಕಳಿರುವ ಹಳ್ಳಿಯ ಶಾಲೆ. ಬೆಳೆಸಬೇಕೆಂದು ಹೊರಟಾಗ ಮಾತ್ರ ಹಣವು ಆ ಶಾಲೆಯನ್ನು ಮುಟ್ಟುವ ಮೊದಲು ಹತ್ತು ಕಡೆ ತಂಗಿ ಬರುತ್ತದೆ. ಆದುದರಿಂದ, ಸರಕಾರ ದೊಡ್ಡದಿದ್ದರೆ ನಾಡು ಬೆಳೆಯುವದೋ ಚಿಕ್ಕದಿದ್ದರೆ ಬೆಳೆಯುವದೋ ಎಂಬ ಪ್ರಶ್ನೆಯನ್ನು ನಾವು ಸ್ವಲ್ಪ ನಿಧಾನವಾಗಿ ಎತ್ತಿ ನೋಡೋಣ.

ಮೊದಲು ಗಾತ್ರವೆಂದರೇನೆಂಬುದು. ಒಂದು ವರ್ಷದಲ್ಲಿ ನಾಡಿನ ಜನರೆಲ್ಲ ಕೂಡಿ ಗಳಿಸಿದ ವರಮಾನವನ್ನು ನೂರು ರೂಪಾಯಿಯೆಂದು ಹಿಡಿದರೆ, ಅದರಲ್ಲಿ ಎಷ್ಟು ರೂಪಾಯಿ ಸರಕಾರದ ಕೈ ದಾಟಿ ಹೋಗುತ್ತದೆ ಎಂಬುದೇ ಅರ್ಥಶಾಸ್ತ್ರಜ್ಞರು ಹಿಡಿದ ಅಳತೆ. ನಮ್ಮ ದೇಶದಲ್ಲಿ 1950-51ರಲ್ಲಿ ಕೇಂದ್ರವೂ ರಾಜ್ಯಗಳೂ ಕೂಡಿ ತೆರಿಗೆಯಾಗಿ ಎತ್ತುತ್ತಿದ್ದದ್ದು ನೂರಕ್ಕೆ ಸುಮಾರು 6. ಇಂದು ಅದು 17-18ರ ಆಸುಪಾಸಿನಲ್ಲಿದೆ. ಸಾಲ ಮೊದಲಾದವುಗಳನ್ನು ಸೇರಿಸಿ ಮಾಡುವ ಖರ್ಚು ಮೂವತ್ತಕ್ಕೆ ತುಸು ಕಡಿಮೆ. ಸ್ವೀಡನ್ ದೇಶದಲ್ಲಿ ಇದೇ ಖರ್ಚು ನೂರಕ್ಕೆ 50ರ ಹತ್ತಿರ. ಸಿಂಗಾಪುರದಲ್ಲಿ ಇಪ್ಪತ್ತರ ಒಳಹೊರಗೆ. ಎರಡೂ ಸಿರಿವಂತ ನಾಡುಗಳೇ. ಇಷ್ಟರಿಂದಲೇ ಎರಡು ಕೂಗಿನವರೂ ಕೊಂಚ ಧ್ವನಿ ತಗ್ಗಿಸಬೇಕಾಗಿತ್ತು. ಆದರೆ ಒಬ್ಬರು ಸ್ವೀಡನ್ನನ್ನು ಮಾತ್ರ ನೋಡುತ್ತಾರೆ, ಇನ್ನೊಬ್ಬರು ಸಿಂಗಾಪುರವನ್ನು ಮಾತ್ರ.

ಸ್ವೀಡನ್ನಿನ ಕಥೆಯನ್ನು ಪೂರ್ತಿಯಾಗಿ ಓದಿದವರು ವಿರಳ. ಇಂದು ಅಲ್ಲಿಯ ಸರಕಾರ ದೊಡ್ಡದು, ಜನರು ಸಿರಿವಂತರು, ಆದುದರಿಂದ ದೊಡ್ಡ ಸರಕಾರವೇ ಸಿರಿಗೆ ಕಾರಣ ಎಂದು ತೀರ್ಮಾನಿಸುವದು, ಮಳೆ ಬಂದಾಗ ಕೊಡೆಗಳು ಕಾಣುವದರಿಂದ ಕೊಡೆಯೇ ಮಳೆ ತಂದಿತೆಂದ ಹಾಗೆ. ಅಡಾಲ್ಫ್ ವಾಗ್ನರ್ ಎಂಬ ಜರ್ಮನ್ ಪಂಡಿತನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿಟ್ಟಿದ್ದನು: ನಾಡು ಕೈಗಾರಿಕೆಯಲ್ಲಿ ಮುಂದುವರಿದಂತೆ ಜನರು ಸರಕಾರದಿಂದ ಹೆಚ್ಚು ಹೆಚ್ಚು ಸೇವೆ ಬಯಸುತ್ತಾರೆ, ಸರಕಾರದ ಖರ್ಚು ವರಮಾನಕ್ಕಿಂತಲೂ ವೇಗವಾಗಿ ಏರುತ್ತದೆ ಎಂದು. ಅಂದರೆ ಸಿರಿ ಮುಂದೆ, ಗಾತ್ರ ಹಿಂದೆ. ಸ್ವೀಡನ್ ನಡೆದದ್ದೂ ಇದೇ ದಾರಿ. 1846ರಲ್ಲಿ ಅಲ್ಲಿ ಕುಶಲಕರ್ಮಿಗಳ ಹಳೆಯ ಸಂಘಗಳ ಏಕಸ್ವಾಮ್ಯವನ್ನು ತೆಗೆದುಹಾಕಿದರು. 1864ರಲ್ಲಿ ಯಾರು ಬೇಕಾದರೂ ಯಾವ ಉದ್ಯೋಗ ಬೇಕಾದರೂ ಮಾಡಬಹುದೆಂಬ ಕಾಯದೆ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೆರಿಗೆಯ ಪಾಲು ನೂರಕ್ಕೆ ಹತ್ತರ ಸುಮಾರು, 1950ರಲ್ಲಿಯೂ ಇಪ್ಪತ್ತರ ಸುಮಾರು. ಆ ಬಡ ರೈತರ ನಾಡು ಯುರೋಪಿನ ಮುಂದಾಳು ನಾಡುಗಳಲ್ಲೊಂದಾದದ್ದು ಆ ಅವಧಿಯಲ್ಲಿ.

ಇಷ್ಟು ಕೇಳಿ ಚಿಕ್ಕ ಸರಕಾರದ ಪಕ್ಷದವರು ಚಪ್ಪಾಳೆ ತಟ್ಟುವದಕ್ಕೆ ಮೊದಲು ಒಂದು ಮಾತು. ಅದೇ ಚಿಕ್ಕ ಸರಕಾರವು 1842ರಲ್ಲಿಯೇ ಪ್ರತಿಯೊಂದು ಚರ್ಚಿನ ವಲಯಕ್ಕೂ ಒಂದು ಶಾಲೆ ಇರತಕ್ಕದ್ದೆಂದು ಕಾಯದೆ ಮಾಡಿತ್ತು. 1850ರ ದಶಕದಲ್ಲಿ ಮುಖ್ಯ ರೈಲುದಾರಿಗಳನ್ನು ತಾನೇ ಹಾಕಲು ಹೊರಟಿತು. ಚೀಲ ಸಣ್ಣದಿದ್ದರೂ ಅದರೊಳಗೆ ತುಂಬಿದ್ದು ಬೀಜ. ಆಮೇಲೆ, 1970ರಿಂದಾಚೆಗೆ, ಚೀಲ ಉಬ್ಬಿತು. 1976ರಲ್ಲಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಎಂಬ ಹೆಸರಾಂತ ಮಕ್ಕಳ ಕಥೆಗಾರ್ತಿಯು ತನ್ನ ಗಳಿಕೆಯ ಮೇಲಿನ ತೆರಿಗೆಯು ನೂರಕ್ಕೆ 102 ಆಗುವದನ್ನು ಕಂಡು ಒಂದು ವಿಡಂಬನೆಯ ಕಥೆ ಬರೆದಳು. ಅದೇ ವರ್ಷ, ನಲವತ್ತು ವರ್ಷಗಳಿಗೂ ಮಿಕ್ಕಿ ಅಧಿಕಾರ ನಡೆಸಿದ್ದ ಪಕ್ಷವು ಚುನಾವಣೆಯಲ್ಲಿ ಸೋತಿತು. 1990ರ ದಶಕದ ಮೊದಲಲ್ಲಿ ಬ್ಯಾಂಕುಗಳು ಕುಸಿದಾಗ ಸರಕಾರದ ಖರ್ಚು ನೂರಕ್ಕೆ ಎಪ್ಪತ್ತರ ಹತ್ತಿರ ಹೋಗಿ, ಅಭಿವೃದ್ಧಿಯು ನಿಂತಿತು. ಅವರು ಎಚ್ಚತ್ತು ಖರ್ಚಿನ ಪಾಲನ್ನು ಐವತ್ತರವರೆಗೆ ಇಳಿಸಿದರು, ನಿವೃತ್ತಿವೇತನದ ಲೆಕ್ಕವನ್ನು ತಿದ್ದಿದರು. ಶಾಲೆ ಆಸ್ಪತ್ರೆಗಳನ್ನು ಕೈಬಿಡಲಿಲ್ಲ. ಬಳಿಕ ನಾಡು ಮತ್ತೆ ಚೇತರಿಸಿಕೊಂಡಿತು. ಆದುದರಿಂದ ಗಾತ್ರಕ್ಕೆ ಮಿತಿಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಒಂದು ಹದ ದಾಟಿದ ಮೇಲೆ ತೆರಿಗೆಯು ದುಡಿಮೆಯ ಉತ್ಸಾಹವನ್ನೇ ಕೊಲ್ಲುತ್ತದೆ. ಆದರೆ ಆ ಹದದ ಬಹು ಕೆಳಗೆ ನಿಂತಿರುವ ನಾಡುಗಳಿಗೆ, ಅಂದರೆ ನಮಗೆ, ಬೇರೆಯೇ ಪ್ರಶ್ನೆ ಎದುರಾಗುತ್ತದೆ.

ಚಿಕ್ಕ ಸರಕಾರವೇ ಸಿರಿಯ ಬೀಗದ ಕೈಯಾಗಿದ್ದರೆ, ಬ್ರಿಟಿಷರ ಕಾಲದ ಹಿಂದುಸ್ಥಾನವು ಭೂಲೋಕದ ಸ್ವರ್ಗವಾಗಿರಬೇಕಿತ್ತು. ರಾಷ್ಟ್ರೀಯ ವರಮಾನದಲ್ಲಿ ಸರಕಾರದ ಪಾಲು ನೂರಕ್ಕೆ ಹತ್ತನ್ನು ಮುಟ್ಟುತ್ತಿರಲಿಲ್ಲ. ವ್ಯಾಪಾರಕ್ಕೆ ಅಡ್ಡಿಯಿಲ್ಲ, ಬಂಡವಾಳಕ್ಕೆ ತಡೆಯಿಲ್ಲ, ಸುಂಕ ಬಹುಕಾಲ ನಾಮಮಾತ್ರ. ಆದರೂ 1900ರಿಂದ 1947ರವರೆಗೆ ತಲಾ ವರಮಾನದ ಬೆಳವಣಿಗೆ ಬಹುತೇಕ ಸೊನ್ನೆ. 1951ರ ಜನಗಣತಿಯಲ್ಲಿ ಓದುಬರಹ ಬಲ್ಲವರು ನೂರಕ್ಕೆ 18. ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಆ ಚಿಕ್ಕ ಚೀಲದಲ್ಲಿದ್ದದ್ದೇನು? ಕೇಂದ್ರ ಸರಕಾರದ ಖರ್ಚಿನ ಅತಿ ದೊಡ್ಡ ಪಾಲು ಸೈನ್ಯಕ್ಕೆ. ಬಳಿಕ ಸಾಲದ ಬಡ್ಡಿ, ವಿಲಾಯತಿಯಲ್ಲಿ ಕೊಡತಕ್ಕ ನಿವೃತ್ತಿವೇತನಗಳು, ರೈಲು ಕಂಪನಿಗಳಿಗೆ ಮಾತು ಕೊಟ್ಟ ನೂರಕ್ಕೆ 5ರ ಲಾಭ. ರೈಲು ನಷ್ಟದಲ್ಲಿ ಓಡಿದರೂ ಲಂಡನ್ನಿನ ಪಾಲುದಾರನಿಗೆ ಲಾಭ ತಪ್ಪದು. ತುಂಬಿ ಕೊಡುವವನು ಇಲ್ಲಿಯ ರೈತ! ಸಾಹಸ ಖಾಸಗಿಯವರದು, ಅಪಾಯ ಬೊಕ್ಕಸದ್ದು. ಇಂತಹ ಏರ್ಪಾಡಿಗೆ ಇಂದಿಗೂ ನಮ್ಮಲ್ಲಿ ಬೇಡಿಕೆ ಕಡಿಮೆಯಾಗಿಲ್ಲವೆಂಬುದನ್ನು ಬಾಯಿಮಾತಿಗೆ ಹೇಳಿ ಮುಂದೆ ಹೋಗುತ್ತೇವೆ.

1876-78ರ ಬರಗಾಲದಲ್ಲಿ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಧಾನ್ಯದ ವ್ಯಾಪಾರದಲ್ಲಿ ಸರಕಾರ ಕೈ ಹಾಕಬಾರದು, ಬರಪರಿಹಾರದ ಖರ್ಚು ಮಿತವಾಗಿರಬೇಕು ಎಂಬುದು ಅಂದಿನ ಹಿಂದುಸ್ಥಾನ ಸರಕಾರದ ಶಾಸ್ತ್ರ. 1871ರ ಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಆ ವರ್ಷವೇ ಸಂಸ್ಥಾನವು ಒಡೆಯರಿಗೆ ಮರಳಿ ಬಂದಿತು: ಖಾಲಿಯಾದ ಹಳ್ಳಿಗಳು, ತಲೆಯ ಮೇಲೆ ಸುಮಾರು 80 ಲಕ್ಷ ರೂಪಾಯಿ ಸಾಲ, ಇದರ ಜೊತೆಗೆ ಸಾರ್ವಭೌಮ ಸರಕಾರಕ್ಕೆ ಪ್ರತಿವರ್ಷ ಸಲ್ಲಿಸಬೇಕಾದ ಕಪ್ಪ. ಕಪ್ಪವು 24½ ಲಕ್ಷವಿದ್ದದ್ದು 1896ರಿಂದ 35 ಲಕ್ಷಕ್ಕೆ ಏರಿತು. ಏರಿಸಿದ ಹತ್ತೂವರೆ ಲಕ್ಷವನ್ನು ಇಳಿಸಿಕೊಳ್ಳುವದಕ್ಕೆ 1920ರ ದಶಕದ ಕೊನೆಯವರೆಗೆ ಬೇಡಬೇಕಾಯಿತು. ಸರಕಾರದ ಗಾತ್ರವನ್ನು ಅಳೆಯುವವರು ಈ ಹಣವನ್ನೂ ಗಾತ್ರದಲ್ಲಿಯೇ ಎಣಿಸುವರು. ಪ್ರಜೆಯಿಂದ ಎತ್ತಿದ್ದು ನಿಜ. ಪ್ರಜೆಗೆ ಒಂದು ಬಾವಿಯೂ ಬರಲಿಲ್ಲ.

ಇಲ್ಲಿಂದ ಮುಂದಿನ ಮೈಸೂರಿನ ಕಥೆ ಈ ಸಭೆಗೆ ಹೊಸದಲ್ಲ. ಆದರೆ ಅದನ್ನು ಮಹಾಪುರುಷರ ಸ್ತೋತ್ರವಾಗಿ ಕೇಳಿದ್ದೇವೆಯೇ ಹೊರತು, ಲೆಕ್ಕದ ಪುಸ್ತಕವಾಗಿ ಓದಿದ್ದು ಕಡಿಮೆ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಸಂಸ್ಥಾನದ ಆಯವ್ಯಯವನ್ನು ಅದರ ಮುಂದೆ ಇಟ್ಟರು. ಆ ಸಭೆಗೆ ಅಧಿಕಾರವಿರಲಿಲ್ಲ, ನಿಜ. ಆದರೆ ಖರ್ಚಿನ ಲೆಕ್ಕ ಕೇಳುವ ಕಿವಿಗಳು ಹುಟ್ಟಿದವು. 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರು ರೈಲು, ಕೆರೆ, ಕಾಲುವೆಗಳಿಗೆ ಕೈಹಾಕಿದರು. ಕೊನೆಗೆ ಹಿಡಿದದ್ದು ಶಿವನಸಮುದ್ರದ ಜಲಪಾತ. 1902ರಲ್ಲಿ ಅಲ್ಲಿಂದ 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ಅದು ಆ ಕಾಲದ ಜಗತ್ತಿನ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿಗೆ ದೀಪ ಬಂದಿತು. ಈ ಸಾಹಸದಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಸರಕಾರವು ಕಂಬ ನೆಟ್ಟು ಗಿರಾಕಿಗಾಗಿ ದಾರಿ ಕಾಯಲಿಲ್ಲ. ಗಣಿಯ ಕಂಪನಿಗಳೊಡನೆ ಶಕ್ತಿಯನ್ನು ಕೊಳ್ಳುವ ಕರಾರು ಮಾಡಿಕೊಂಡು ಹಣ ಹೂಡಿತು. ಆದುದರಿಂದ ಹೂಡಿದ ಹಣ ಬೊಕ್ಕಸಕ್ಕೆ ಮರಳಿತು. ಮರಳಿದ ಹಣ ಮುಂದಿನ ಕೆಲಸಕ್ಕೆ ಬಂದಿತು.

ಮುಂದಿನ ಕೆಲಸವೇ ಕನ್ನಂಬಾಡಿ. 1909ರಲ್ಲಿ ಮುಖ್ಯ ಎಂಜಿನಿಯರರಾಗಿ ಬಂದ ವಿಶ್ವೇಶ್ವರಯ್ಯನವರು ಈ ಯೋಜನೆಯನ್ನು ಮುಂದಿಟ್ಟಾಗ ಸಂಸ್ಥಾನದ ಹಣಕಾಸಿನ ಅಧಿಕಾರಿಗಳು ಹೆದರಿದರು. ಇಷ್ಟು ಹಣವನ್ನು ನೀರಿನಲ್ಲಿ ಹಾಕುವದೇ ಎಂಬ ಅಂಜಿಕೆ ಅಸಹಜವೇನೂ ಅಲ್ಲ. ಬೊಕ್ಕಸ ಕಾಯುವವನಿಗೆ ಅಂಜಿಕೆ ಇರಲೇಬೇಕು. ಗಣಿಗಳಿಗೆ ಬೇಸಗೆಯಲ್ಲಿಯೂ ತಪ್ಪದೆ ಶಕ್ತಿ ಕೊಡಬೇಕಾದರೆ ನೀರನ್ನು ಹಿಡಿದಿಡಬೇಕೆಂಬ ವಾದ ಗೆದ್ದು, 1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರಕಾರದೊಡನೆ ನೀರಿನ ವ್ಯಾಜ್ಯ ನಡೆದು 1924ರಲ್ಲಿ ಒಪ್ಪಂದವಾಗಿ, ಕಟ್ಟೆ ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷಗಳಾದವು. ಕಾಲುವೆ ಹರಿದ ಮೇಲೆ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ರಾಗಿಯ ಹೊಲಗಳ ಸೀಮೆಯಲ್ಲಿ ಕಬ್ಬು ಬೆಳೆದ ರೈತನು ಮುಂದೆ ಮಗನನ್ನು ಕಾಲೇಜಿಗೆ ಕಳುಹಿಸಿದನು. ಇಪ್ಪತ್ತು ವರ್ಷ ಕಾಯುವ ತಾಳ್ಮೆ ಖಾಸಗಿ ಬಂಡವಾಳಕ್ಕೆ ಇರುವದಿಲ್ಲ. ಇರಬೇಕೆಂದು ಅಪೇಕ್ಷಿಸುವದೂ ನ್ಯಾಯವಲ್ಲ. ಸರಕಾರದ ಹಣಕ್ಕೆ ನಿಜವಾದ ಸ್ಥಳ ಇಂತಹದು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912-18ರ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು (1913), ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯದೆ (1913), ವಿಶ್ವವಿದ್ಯಾನಿಲಯ (1916), ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಇವು ಒಂದರ ಹಿಂದೊಂದು ಬಂದವು. ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ ಎರಡು ಪಟ್ಟಿಗೂ ಮಿಕ್ಕಿ ಬೆಳೆಯಿತು. ಇದಕ್ಕೆ ಹಣ ಎಲ್ಲಿಂದ? ಭೂಕಂದಾಯ, ಚಿನ್ನದ ರಾಜಧನ, ಕಾಡಿನ ಉತ್ಪನ್ನ, ಮತ್ತು ಅಬಕಾರಿ. ಶಾಲೆಯ ಪಗಾರಕ್ಕೆ ಸೆರೆಯಂಗಡಿಯ ಹಣ ಬೇಕಾದದ್ದು ಅಂದಿನ ಸಂಕಟ, ಇಂದಿನದೂ ಅದೇ.

ಶ್ರೀಗಂಧದ ಸಂಗತಿಯು ಎರಡು ಮುಖದ್ದು. ಸಂಸ್ಥಾನದ ಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಬಂದು ಕೊಳ್ಳುವವರು ಇಲ್ಲವಾದಾಗ, ಬೆಂಗಳೂರಿನ ವಿಜ್ಞಾನ ಮಂದಿರದ ಪ್ರಾಧ್ಯಾಪಕರ ನೆರವಿನಿಂದ ಸರಕಾರವೇ 1916ರಲ್ಲಿ ಎಣ್ಣೆ ಇಳಿಸಿತು. ಅದರ ಬೆನ್ನಿಗೆ ಬಂದ ಸಾಬೂನು ಇಂದಿಗೂ ಲಾಭ ತರುತ್ತಿದೆ. ಇದು ಒಂದು ಮುಖ. ಇನ್ನೊಂದು ಮುಖವು ಕಾಡಿನಲ್ಲಿದೆ. ಟೀಪುವಿನ ಕಾಲದಿಂದಲೂ ಗಂಧದ ಮರ ದೊರೆಯದು. ರೈತನ ಸ್ವಂತ ಹೊಲದಲ್ಲಿ ಹುಟ್ಟಿದರೂ ಅವನದಲ್ಲ. ಫಲವೇನಾಯಿತು? ಮರವನ್ನು ಕಾಯುವ ತಾಪತ್ರಯ ಅವನದು, ಬೆಲೆ ಸರಕಾರದ್ದು ಎಂದ ಮೇಲೆ, ಸಸಿ ಕಂಡರೆ ಕಿತ್ತು ಹಾಕುವದೇ ಬುದ್ಧಿವಂತಿಕೆಯಾಯಿತು. ಕಳ್ಳಸಾಗಣೆ ಬೆಳೆಯಿತು, ಮರ ಕರಗಿತು. 2001ರಲ್ಲಿ ಕರ್ನಾಟಕ ಸರಕಾರವು ಕಾಯದೆ ತಿದ್ದಿ, ಬೆಳೆದವನೇ ಮರದ ಒಡೆಯನೆಂದು ಸಾರಿದ ಮೇಲೆ ತೋಟಗಳಲ್ಲಿ ಗಂಧ ಮತ್ತೆ ಚಿಗುರಿತು. ಈ ಏಕಸ್ವಾಮ್ಯವು ಆಯವ್ಯಯದಲ್ಲಿ ಖರ್ಚಾಗಿ ಎಂದೂ ಕಾಣಿಸಲಿಲ್ಲ. ಸರಕಾರದ ಗಾತ್ರವನ್ನು ರೂಪಾಯಿಗಳಲ್ಲಿ ಮಾತ್ರ ಅಳೆಯುವವರ ತಕ್ಕಡಿಗೆ ಅದರ ಭಾರ ಸಿಕ್ಕುವದೇ ಇಲ್ಲ.

ಭದ್ರಾವತಿಯ ಕಬ್ಬಿಣದ ಕಾರಖಾನೆಯ ವಿಷಯವನ್ನು ಮರೆಸಿ ಮೈಸೂರನ್ನು ಹೊಗಳುವದು ಅಪ್ರಾಮಾಣಿಕವಾದೀತು. ಮಹಾಯುದ್ಧದ ಕಾಲದ ಏರಿದ ಬೆಲೆಗಳನ್ನು ನಂಬಿ ಯೋಜಿಸಿದ ಕಾರಖಾನೆ 1923ರಲ್ಲಿ ಕಬ್ಬಿಣ ಕರಗಿಸುವ ಹೊತ್ತಿಗೆ ಬೆಲೆ ಬಿದ್ದುಹೋಗಿತ್ತು. ವರ್ಷ ವರ್ಷ ನಷ್ಟ. ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆತಂದು ಅದರ ಹೊಣೆಯನ್ನು ವಹಿಸಬೇಕಾಯಿತು. ಅವರು ಖರ್ಚು ಇಳಿಸಿ, ನಷ್ಟದ ಹರಿವನ್ನು ತಡೆದರು. ಮುಂದೆ 1936ರಲ್ಲಿ ಉಕ್ಕು ಬಂದಿತು, ಊರು ಬೆಳೆಯಿತು, ಸಾವಿರಾರು ಮನೆಗಳು ಅದರ ನೆರಳಿನಲ್ಲಿ ಬಾಳಿದವು. 1989ರಲ್ಲಿ ಅದು ಭಾರತ ಉಕ್ಕು ಪ್ರಾಧಿಕಾರದ ಕೈಸೇರಿ 1998ರಲ್ಲಿ ಅದರೊಳಗೆ ಲೀನವಾದ ಮೇಲೂ ನಷ್ಟ ಬೆನ್ನು ಬಿಡಲಿಲ್ಲ. ಖಾಸಗಿಯ ಕಾರಖಾನೆ ಮುಳುಗಿದರೆ ಪಾಲುದಾರನ ಹಣ ಮುಳುಗುತ್ತದೆ. ಸರಕಾರದ್ದು ಮುಳುಗುವದೇ ಇಲ್ಲ, ತೇಲಿಕೊಂಡೇ ಇರುತ್ತದೆ. ನೀರು ತರುವದು, ವಿದ್ಯುತ್ತು ತರುವದು, ವಿದ್ಯೆ ಹಂಚುವದು ಸರಕಾರಕ್ಕೆ ಒಗ್ಗಿದಷ್ಟು, ದಿನ ದಿನವೂ ಬೆಲೆ ಏರಿಳಿಯುವ ಪೇಟೆಯಲ್ಲಿ ಸರಕು ಮಾರುವದು ಒಗ್ಗುವದಿಲ್ಲ. ಆರಂಭಿಸುವದಕ್ಕೆ ಬೇಕಾದ ಧೈರ್ಯ ಮೈಸೂರಿಗೆ ಇತ್ತು. ಬಿಟ್ಟುಕೊಡುವ ಕಲೆ ಅಲ್ಲಿಯೂ ಇರಲಿಲ್ಲ, ಮುಂದೆ ದಿಲ್ಲಿಯಲ್ಲಿಯೂ ಬಹುಕಾಲ ಕಾಣಿಸಲಿಲ್ಲ.

ಇನ್ನು ಮೈಸೂರಿನ ಗಡಿ ದಾಟೋಣ. 1956ರ ನವೆಂಬರ್ 1ರವರೆಗೆ ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಒಂದೇ ನುಡಿಯ ಜನರು ಬೇರೆ ಬೇರೆ ಸರಕಾರಗಳ ಕೆಳಗೆ ಎರಡು ಮೂರು ತಲೆಮಾರು ಬಾಳಿದ್ದರಿಂದ, ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಲಾರದು. ಹೈದರಾಬಾದಿನ ನಿಜಾಮರು ಜಗತ್ತಿನ ಅತಿ ದೊಡ್ಡ ಶ್ರೀಮಂತರೆಂದು ಹೆಸರಾದವರು. ಅವರ ಸಂಸ್ಥಾನದಲ್ಲಿ 1951ರಲ್ಲಿ ಓದುಬರಹ ಬಲ್ಲವರು ನೂರಕ್ಕೆ 9-10, ಮೈಸೂರಿನಲ್ಲಿ 20ರಷ್ಟು. ತುಂಗಭದ್ರೆಗೆ ಕಟ್ಟೆ ಕಟ್ಟುವ ಮಾತು 1860ರಲ್ಲಿಯೇ ಹುಟ್ಟಿತ್ತು. ಮದರಾಸೂ ಹೈದರಾಬಾದೂ ಎದುರುಬದುರು ಕೂತು ಒಪ್ಪಲು 1944 ಬಂದಿತು, ನೀರು ಹರಿಯಲು 1953. ಆ ನಡುವೆ ಬಳ್ಳಾರಿ ರಾಯಚೂರುಗಳಿಗೆ ಬಂದು ಹೋದ ಬರಗಳೆಷ್ಟು! ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಇಲಾಖೆಯ ದೂರದ ಮೂಲೆಯಾಗಿದ್ದವು. ಧಾರವಾಡಕ್ಕೆ 1917ರಲ್ಲಿ ಕಾಲೇಜು ಬಂದಿತು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮೊದಲಿಗೆ ಮುಂಬಯಿಯಲ್ಲಿ. ಮೈಸೂರಿಗಿಂತ ಮೂವತ್ತಮೂರು ವರ್ಷ ತಡ. ಗೋಕಾಕದ ಜಲಪಾತದಿಂದ 1887ರಲ್ಲಿಯೇ, ಶಿವನಸಮುದ್ರಕ್ಕಿಂತ ಹದಿನೈದು ವರ್ಷ ಮೊದಲು, ಶಕ್ತಿ ತೆಗೆದದ್ದುಂಟು. ಆದರೆ ಅದು ಒಂದು ಖಾಸಗಿ ನೂಲಿನ ಗಿರಣಿಯ ಶಕ್ತಿ. ಗಿರಣಿಯ ಗೋಡೆಯೊಳಗೆ ತಿರುಗಿ ಅಲ್ಲಿಯೇ ನಿಂತಿತು. ಶಿವನಸಮುದ್ರದ್ದು ಊರೂರಿಗೆ ಹರಿಯಿತು.

ಹಾಗೆಂದು ಈ ಪರೀಕ್ಷೆಯಿಂದ ಸರಕಾರವೇ ಸರ್ವಸ್ವವೆಂದು ಹೇಳಲು ದಕ್ಷಿಣ ಕನ್ನಡ ಬಿಡುವದಿಲ್ಲ. ಅದು ಮದರಾಸು ಇಲಾಖೆಯ ಜಿಲ್ಲೆ. ಆ ಸರಕಾರ ಅಲ್ಲಿ ವಿಶೇಷ ಉಪಕಾರವನ್ನೇನೂ ಮಾಡಲಿಲ್ಲ. ಆದರೂ 1906ರಲ್ಲಿ ಒಂದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕೂ ಹುಟ್ಟಿದವು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಮನೆಮನೆಯ ಚಿಲ್ಲರೆ ಉಳಿತಾಯದಿಂದ ಕಟ್ಟಿದ ಸಂಸ್ಥೆಗಳಿವು. ಹಂಚಿನ ಕಾರಖಾನೆಯನ್ನೂ ಶಾಲೆಗಳನ್ನೂ ಬಾಸೆಲ್ ಮಿಶನ್ನಿನವರು ತಂದರು. ಅಂದರೆ, ವಿದ್ಯೆಯೂ ಪರಸ್ಪರ ನಂಬಿಕೆಯೂ ಬಂದರೂ ಇದ್ದಲ್ಲಿ ಜನರು ಸರಕಾರಕ್ಕಾಗಿ ಕಾಯುವದಿಲ್ಲ. ಈ ಬ್ಯಾಂಕುಗಳನ್ನು 1969ರಲ್ಲಿಯೂ 1980ರಲ್ಲಿಯೂ ಸರಕಾರವು ತನ್ನದು ಮಾಡಿಕೊಂಡಿತು. 2019-20ರ ಹೊತ್ತಿಗೆ ನಾಲ್ಕರಲ್ಲಿ ಮೂರು ಹೆಸರುಗಳು ವಿಲೀನದಲ್ಲಿ ಅಳಿಸಿಹೋದವು. ಕಟ್ಟಿದವರು ಬೇರೆ, ಹೆಸರು ಅಳಿಸಿದವರು ಬೇರೆ.

ಮೈಸೂರಿಗೆ ಚಿನ್ನವಿತ್ತು, ಕಾವೇರಿಯಿತ್ತು, ತಂಪಾದ ಹವೆಯಿತ್ತು, ಬೆಂಗಳೂರಿನ ದಂಡಿನ ಪ್ರದೇಶವಿತ್ತು. ಎಲ್ಲವನ್ನೂ ಸರಕಾರದ ಲೆಕ್ಕಕ್ಕೆ ಬರೆಯಬಾರದೆಂಬ ಆಕ್ಷೇಪಣೆ ಸರಿಯಾದದ್ದೇ. ಆದರೆ ಚಿನ್ನವು ಕೋಲಾರದ ನೆಲದಲ್ಲಿ ಮುಗಿದು 2001ರಲ್ಲಿ ಗಣಿ ಮುಚ್ಚಿತು. ಗಣಿಗಾಗಿ ಹರಿದ ಶಕ್ತಿ, ಆ ಹಣದಿಂದ ಕಲಿತ ಎಂಜಿನಿಯರು ಉಳಿದರು. ವಿಜ್ಞಾನ ಮಂದಿರಕ್ಕೆ ಮೈಸೂರು ಕೊಟ್ಟ 371 ಎಕರೆ ಭೂಮಿ, 1940ರಲ್ಲಿ ವಿಮಾನ ಕಾರಖಾನೆಗೆ ಕೊಟ್ಟ ಭೂಮಿ ಮತ್ತು ಬಂಡವಾಳ, ಇವುಗಳ ಮೇಲೆ ಮುಂದಿನ ಬೆಂಗಳೂರು ನಿಂತಿತು. 1980ರ ದಶಕದಲ್ಲಿ ಗಣಕಯಂತ್ರದ ಕಂಪನಿಗಳು ಅಲ್ಲಿಗೆ ಬಂದಾಗ ಅವುಗಳಿಗೆ ಬೇಕಾದದ್ದು ಕಲಿತ ಯುವಕರು. ಅವರನ್ನು ತಯಾರಿಸುವ ಖರ್ಚು ಎಪ್ಪತ್ತು ವರ್ಷ ಮೊದಲೇ ಆರಂಭವಾಗಿತ್ತು.

ಸ್ವಾತಂತ್ರ್ಯಾನಂತರದ ಕಥೆಯಲ್ಲಿ ಗಾತ್ರದ ತಕ್ಕಡಿ ಇನ್ನೊಮ್ಮೆ ಸುಳ್ಳಾಗುತ್ತದೆ. 1951ರ ಕೈಗಾರಿಕಾ ಕಾಯದೆಯಿಂದ ಪರವಾನಗಿಯ ಯುಗ ಆರಂಭವಾಯಿತು. ಸರಕಾರದ ಚೀಲ ಇನ್ನೂ ಸಣ್ಣದೇ. ಆದರೆ ಕೈ ಉದ್ದವಾಯಿತು. ಯಾರು ಏನು ತಯಾರಿಸಬೇಕು, ಎಷ್ಟು ತಯಾರಿಸಬೇಕು ಎಂಬುದೂ ದಿಲ್ಲಿಯ ಮೇಜಿನ ಮೇಲೆ ತೀರ್ಮಾನವಾಗತೊಡಗಿತು. ಅದೇ ಕಾಲದಲ್ಲಿ ಹಳ್ಳಿಯ ಶಾಲೆಗೆ ಹಣ ಸಾಲಲಿಲ್ಲ. ಬೇಡವಾದಲ್ಲಿ ಕೈ, ಬೇಕಾದಲ್ಲಿ ಕೈಯಿಲ್ಲ. 1950ರಿಂದ 1980ರವರೆಗೆ ಬೆಳವಣಿಗೆ ವರ್ಷಕ್ಕೆ ನೂರಕ್ಕೆ ಮೂರೂವರೆ. ಜನಸಂಖ್ಯೆಯನ್ನು ಕಳೆದರೆ ಉಳಿಯುವದು ಒಂದೂ ಚಿಲ್ಲರೆ. 1991ರಲ್ಲಿ ಬಹುತೇಕ ಪರವಾನಗಿಗಳನ್ನು ತೆಗೆದುಹಾಕಿದ ಮೇಲೆ, 1980ರ ದಶಕದಲ್ಲಿಯೇ ಹೆಚ್ಚಿದ್ದ ವೇಗವು ನಿಂತು ಬಾಳಿತು, ಮುಂದೆ ಇನ್ನೂ ಏರಿತು. ಆಗ ರಾಷ್ಟ್ರೀಯ ವರಮಾನದಲ್ಲಿ ಸರಕಾರದ ಖರ್ಚಿನ ಪಾಲು ಅರ್ಧಕ್ಕೆ ಇಳಿಯಿತೇನು? ಇಲ್ಲ, ಸುಮಾರಾಗಿ ಅಷ್ಟೇ ಉಳಿಯಿತು. ಬದಲಾದದ್ದು ಸರಕಾರದ ನಡತೆ. 1991ನ್ನು ಚಿಕ್ಕ ಸರಕಾರದ ವಿಜಯವೆಂದು ಹಾಡುವವರು ಈ ಲೆಕ್ಕವನ್ನು ನೋಡಬೇಕು.

ಉಪಾಧ್ಯಾಯ ಬಂಧುಗಳೇ, ಇನ್ನು ಮೇಲೆ ಆಯವ್ಯಯ ಪತ್ರಿಕೆ ಬಂದಾಗ ಒಟ್ಟು ಮೊತ್ತವನ್ನು ಬಿಟ್ಟು ಒಳಗಿನ ಪುಟ ತೆರೆಯಬೇಕೆಂದು ನಾವು ಬೇಡಿಕೊಳ್ಳುತ್ತೇವೆ. ಕೇಂದ್ರದ ಖರ್ಚಿನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಹಳೆಯ ಸಾಲದ ಬಡ್ಡಿಗೆ ಹೋಗುತ್ತದೆ. ಅದು ಹಳೆಯ ಕಪ್ಪದ ಹಾಗೆ: ಗಾತ್ರದಲ್ಲಿ ಉಂಟು, ಊರಿನಲ್ಲಿ ಇಲ್ಲ. ವ್ಯತ್ಯಾಸವಿಷ್ಟೇ, ಇದನ್ನು ಹೇರಿದವರು ಹೊರಗಿನವರಲ್ಲ. ನಮ್ಮ ರಾಜ್ಯದ ಮಟ್ಟಿಗೆ, ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಅಂದಿನ 175 ತಾಲೂಕುಗಳನ್ನು ಒಂದೊಂದಾಗಿ ತೂಗಿ, 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ವರದಿ ಕೊಟ್ಟಿತು. ಆ 39ರಲ್ಲಿ 26 ಉತ್ತರದವು. ಬಹುಪಾಲು ಹಳೆಯ ನಿಜಾಮರ ಸೀಮೆಯವು. ಏಕೀಕರಣವಾಗಿ 46 ವರ್ಷ ಕಳೆದ ಮೇಲಿನ ಲೆಕ್ಕವಿದು. ಹಳೆಯ ಸರಕಾರಗಳು ಎಳೆದ ಗೆರೆಯನ್ನು ನಕ್ಷೆಯಿಂದ ಅಳಿಸಿದೆವು. ತಲಾ ವರಮಾನದ ಪಟ್ಟಿಯಿಂದ ಅಳಿಸಲಿಲ್ಲ. ಬಳಿಕ ಆ ಭಾಗಕ್ಕೆ ವಿಶೇಷ ಯೋಜನೆ ಬಂದಿತು, 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿತು, ಮಂಡಳಿಗೆ ವರ್ಷ ವರ್ಷವೂ ಹಣ ಇಡಲಾಗುತ್ತಿದೆ.

ಇಟ್ಟ ಹಣ ಕಲಬುರ್ಗಿಯ, ಯಾದಗಿರಿಯ ಹಳ್ಳಿಗಳಲ್ಲಿ ಏನಾಯಿತೆಂದು ಕೇಳುವವರು ಬೇಕು. ಶಾಲೆಗೆ ಹೊಸ ಕೋಣೆ ಕಟ್ಟಿದ್ದು ಲೆಕ್ಕದಲ್ಲಿ ಸೇರುತ್ತದೆ. ಕೋಣೆಯೊಳಗೆ ನಿಂತು ಗಣಿತ ಹೇಳಿಕೊಡುವ ಉಪಾಧ್ಯಾಯನ ಹುದ್ದೆ ಖಾಲಿ ಇದ್ದರೆ ಅದು ಉಳಿತಾಯವಾಗಿ ಕಾಣುತ್ತದೆ! ಹಾಗೆ ಉಳಿಸಿದ ಪಗಾರದಿಂದ ಸರಕಾರ ಚಿಕ್ಕದಾಯಿತೆಂದು ಒಬ್ಬರು ಸಂತೋಷಪಡಬಹುದು. ಕಟ್ಟಿದ ಕೋಣೆಯಿಂದ ದೊಡ್ಡದಾಯಿತೆಂದು ಇನ್ನೊಬ್ಬರು. ಏಳನೆಯ ಇಯತ್ತೆಯ ಹುಡುಗಿಗೆ ಭಾಗಾಕಾರ ಬರುವದೋ ಇಲ್ಲವೋ ಎಂಬುದನ್ನು ಇವರಿಬ್ಬರೂ ಕೇಳಿರುವದಿಲ್ಲ. ಅದನ್ನು ಬಲ್ಲವರು ಈ ಸಭೆಯಲ್ಲಿಯೇ ಕುಳಿತಿದ್ದೀರಿ. ತಾಲೂಕಿನ ಲೆಕ್ಕ ಪಂಚಾಯತಿಯ ಕಚೇರಿಯಲ್ಲಿ ಸಿಗುತ್ತದೆ. ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕಿನ ಕಾಯದೆ 2005ರಿಂದ ನಮ್ಮ ಕೈಯಲ್ಲಿದೆ. ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿಗಳಿಗೆ ಅಷ್ಟೂ ಇರಲಿಲ್ಲ.